ಹೊಸ ಮನೆಯ ನೆಲ ಟೊಳ್ಳು ಸದ್ದು ಮಾಡಿದಾಗ

ಹೊಸ ಮನೆಗೆ ಬಂದು ಮೂರನೇ ವಾರ. ಬೆಳಿಗ್ಗೆ ಹಾಲ್ ಗುಡಿಸುವಾಗ ಬಾಲ್ಕನಿ ಬಾಗಿಲ ಹತ್ತಿರ ಪೊರಕೆಗೆ ಬೂದು ಬಣ್ಣದ ಪುಡಿ ಸಿಕ್ಕಿತು. ಹೊರಗಿಂದ ಬಂದ ಧೂಳು ಅಂದುಕೊಂಡೆ. ಮರುದಿನ ಅದೇ ಜಾಗದಲ್ಲಿ ಮತ್ತೆ ಪುಡಿ. ಬಗ್ಗಿ ನೋಡಿದರೆ ಎರಡು ಟೈಲ್‌ಗಳ ನಡುವಿನ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರಿನಿಂದ ಕೆರೆದೆ. ಸಂದಿಗೆ ತುಂಬಿದ್ದ ಪೇಸ್ಟ್, ಅಂದರೆ ಗ್ರೌಟ್, ಚೂರು ಚೂರಾಗಿ ಎದ್ದು ಬಂತು.

ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ. "ಅದೇನೂ ಇಲ್ಲ ಸಾರ್, ಹೊಸ ಮನೆ ಅಲ್ವಾ, ಸೆಟ್ ಆಗ್ಬೇಕು. ಹುಡುಗನ್ನ ಕಳಿಸ್ತೀನಿ" ಅಂದರು. ಹುಡುಗ ಬಂದ. ಬಿಳಿ ಸಿಮೆಂಟಿಗೆ ಬಣ್ಣ ಕಲಸಿ, ಬೆರಳಿನಿಂದ ಸಂದಿಗೆ ಒತ್ತಿ, ಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆಯಲ್ಲಿ ಹೊರಟ. ನೋಡೋಕೆ ಚೆನ್ನಾಗೇ ಇತ್ತು. ತಿಂಗಳೊಳಗೆ ಅದೇ ಗೆರೆ ಮತ್ತೆ ಬಾಯಿ ಬಿಟ್ಟಿತು. ಈ ಸಲ ಅದರ ಪಕ್ಕದ ಎರಡು ಸಂದುಗಳೂ ಸೇರಿಕೊಂಡವು.

ನಾನು ಇನ್ನೂ ಗ್ರೌಟ್ ಬಗ್ಗೆಯೇ ಯೋಚಿಸುತ್ತಿದ್ದೆ. ಒಳ್ಳೆ ಕಂಪನಿಯ ಗ್ರೌಟ್ ತಂದು ಹಾಕಿಸಿದರೆ ಸರಿಹೋಗುತ್ತೆ ಅನ್ನೋ ನಂಬಿಕೆ. ನನ್ನ ದಾರಿ ತಪ್ಪು ಅಂತ ತೋರಿಸಿಕೊಟ್ಟವರು ಅಮ್ಮ. ಅವರು ಊರುಗೋಲು ಹಿಡಿದು ನಡೆಯುತ್ತಾರೆ. ಒಂದು ಸಂಜೆ ಹಾಲ್ ದಾಟುವಾಗ ಬಾಲ್ಕನಿ ಹತ್ತಿರ ನಿಂತು, ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿ, "ಇಲ್ಲಿ ಬೇರೆ ಥರ ಸದ್ದು ಬರುತ್ತಲ್ಲೋ, ಕೆಳಗೆ ಏನೂ ಇಲ್ವೇನೋ ಅನ್ನೋ ಹಾಗೆ" ಅಂದರು.

ನಾನು ಸ್ಕ್ರೂಡ್ರೈವರ್ ತಂದು ಅದರ ಹಿಡಿಯಿಂದ ತಟ್ಟಿ ನೋಡಿದೆ. ಹಾಲ್ ನಡುವಿನ ಟೈಲ್ ತಟ್ಟಿದರೆ 'ಟಕ್' ಅಂತ ಗಟ್ಟಿ ಸದ್ದು, ಕಲ್ಲಿಗೆ ಬಡಿದ ಹಾಗೆ. ಬಾಗಿಲ ಹತ್ತಿರದ ಟೈಲ್ ತಟ್ಟಿದರೆ 'ಡಬ್' ಅಂತ, ಖಾಲಿ ಡಬ್ಬಿಯ ಸದ್ದು. ಒಮ್ಮೆ ಕಿವಿಗೆ ಬಿದ್ದ ಮೇಲೆ ಆ ವ್ಯತ್ಯಾಸ ಮರೆಯೋಕೆ ಆಗಲ್ಲ.

ಆ ರಾತ್ರಿ ಮಾಡಿದ ಒಂದು ಕೆಲಸ ಮುಂದೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಒಂದು ಹಾಳೆಯ ಮೇಲೆ ಹಾಲ್‌ನ ನಕ್ಷೆ ಬರೆದೆ. ನಮ್ಮದು 600 × 1200 ಮಿಲಿಮೀಟರ್ ಟೈಲ್, ಹಾಲ್‌ಗೆ ಒಟ್ಟು 60. ಒಂದೊಂದಕ್ಕೂ ನಂಬರ್ ಕೊಟ್ಟೆ. ಮಂಡಿಯೂರಿ ಕೂತು ಪ್ರತಿ ಟೈಲನ್ನೂ ನಾಲ್ಕು ಮೂಲೆ, ನಾಲ್ಕು ಅಂಚು ಮತ್ತು ನಡುವೆ, ಹೀಗೆ ಒಂಬತ್ತು ಕಡೆ ತಟ್ಟಿದೆ. ಟೊಳ್ಳು ಸದ್ದು ಬಂದ ಕಡೆ ಪೇಪರ್ ಟೇಪ್ ಅಂಟಿಸಿ, ನಕ್ಷೆಯಲ್ಲೂ ಕೆಂಪು ಗುರುತು ಹಾಕಿದೆ. ನನ್ನ ಹೆಂಡತಿ ಟಾರ್ಚ್ ಹಿಡಿದು ಬಿರುಕು ಬಿಟ್ಟ ಸಂದುಗಳನ್ನು ನೀಲಿ ಪೆನ್ನಲ್ಲಿ ಗುರುತು ಮಾಡಿದಳು. ಎರಡು ಗಂಟೆ ಹಿಡಿಯಿತು.

ಹಾಳೆ ಎತ್ತಿ ನೋಡಿದರೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. 60ರಲ್ಲಿ 17 ಟೈಲ್ ಟೊಳ್ಳು. ಅದರಲ್ಲಿ 11 ಬಾಲ್ಕನಿ ಬಾಗಿಲ ಮುಂದೆ ಒಂದೇ ಗುಂಪಾಗಿದ್ದವು, ಪೂರ್ತಿ ಟೊಳ್ಳು. ಉಳಿದ 6 ಅಲ್ಲೊಂದು ಇಲ್ಲೊಂದು, ಅದೂ ಒಂದು ಮೂಲೆ ಅಥವಾ ಅಂಚಿನಲ್ಲಿ ಮಾತ್ರ. ನೀಲಿ ಗೆರೆಗಳು ಹೆಚ್ಚೂಕಡಿಮೆ ಎಲ್ಲವೂ ಆ 11 ಟೈಲ್‌ಗಳ ಸುತ್ತಲೇ ಇದ್ದವು. ಅಂದರೆ ಗ್ರೌಟ್ ತಾನಾಗಿ ಬಿರುಕು ಬಿಟ್ಟಿರಲಿಲ್ಲ. ಕೆಳಗೆ ಹಿಡಿತವಿಲ್ಲದ ಟೈಲ್ ಕಾಲಿಟ್ಟಾಗಲೆಲ್ಲ ಕಣ್ಣಿಗೆ ಕಾಣದಷ್ಟು ಅಲುಗಾಡಿ ಗ್ರೌಟನ್ನು ಒಡೆಯುತ್ತಿತ್ತು. ಅದರ ಮೇಲೆ ಎಷ್ಟು ಸಲ ಪೇಸ್ಟ್ ತುಂಬಿದರೂ ನಿಲ್ಲುತ್ತಿರಲಿಲ್ಲ.

ಟೊಳ್ಳು ಸದ್ದು ಬಂದ ಟೈಲೆಲ್ಲ ಕೆಟ್ಟಿದೆ ಅಂತ ಹೇಳೋಕೆ ಆಗಲ್ಲ. ಮೂಲೆಯಲ್ಲಿ ಸ್ವಲ್ಪ ಜಾಗ ಖಾಲಿ ಇದ್ದು, ಉಳಿದದ್ದು ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಅದು ವರ್ಷಗಟ್ಟಲೆ ಹಾಗೇ ಇರಬಹುದು. ಸದ್ದಿನ ಜೊತೆ ಬಿರುಕೂ ಇದ್ದರೆ, ಅಂಚು ಎದ್ದಿದ್ದರೆ, ಒತ್ತಿದಾಗ ಅಲುಗಿದರೆ ಸುಮ್ನೆ ಬಿಡಬಾರದು. ನಮ್ಮ 11ರಲ್ಲಿ ಎರಡು ಟೈಲ್ ಕಾಲಿಟ್ಟರೆ ಕಿರ್ ಅನ್ನುತ್ತಿದ್ದವು.

ಮರುದಿನ ಕಂಟ್ರಾಕ್ಟರ್‌ಗೆ ನಕ್ಷೆಯ ಫೋಟೋ, ಟೇಪ್ ಅಂಟಿಸಿದ ನೆಲದ ಫೋಟೋ, ಎರಡು ಟೈಲ್ ತಟ್ಟಿದ ಸದ್ದಿನ ವಿಡಿಯೋ ಕಳಿಸಿದೆ. ಜೊತೆಗೆ ಯಾವ ತಾರೀಕಿಗೆ ಏನಾಯಿತು ಅಂತ ನಾಲ್ಕು ಸಾಲು. ಬೈಗುಳ ಇಲ್ಲ, ಗಲಾಟೆ ಇಲ್ಲ. ಮೊದಲು ಬಂದ ಉತ್ತರ, "ಟೈಲ್ಸ್ ಅಂದ್ರೆ ಸ್ವಲ್ಪ ಸದ್ದು ಬಂದೇ ಬರುತ್ತೆ ಸಾರ್." ನಾನು, "ಸರಿ, ನೀವೇ ಬಂದು ಕೇಳಿ. ಟೇಪ್ ತೆಗೆದಿಲ್ಲ" ಅಂದೆ. ಕೊನೆಯ ಕಂತು ಇನ್ನೂ ಕೊಟ್ಟಿರಲಿಲ್ಲ. ಅದು ಮಾತಿನಲ್ಲಿ ಬರಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು. ಎಲ್ಲ ತಟ್ಟಿ, ನೀರು ಸುರಿದು ನೋಡುವ ಮುಂಚೆ ಪೂರ್ತಿ ಹಣ ಕೊಟ್ಟುಬಿಟ್ಟಿದ್ದರೆ ನನ್ನ ಫೋನ್ ಎತ್ತುತ್ತಿದ್ದರೋ ಇಲ್ಲವೋ.

ಅವರು ಟೈಲ್ ಹಾಕಿದ ಮೇಸ್ತ್ರಿಯನ್ನೂ ಕರೆದುಕೊಂಡು ಬಂದರು. ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ನಕ್ಷೆ ನೋಡಿದರು, ಕೂತು ತಟ್ಟಿದರು. ಐದಾರು ಟೈಲ್ ಆದ ಮೇಲೆ ಕೈ ಒರೆಸಿಕೊಂಡು, "ಸಾರ್, ಈ ಕಡೆ ಬೇಸ್ ತಗ್ಗಿತ್ತು. ಮಟ್ಟ ಮಾಡ್ಕೊಂಡು ಆಮೇಲೆ ಹಾಕೋಣ ಅಂದಿದ್ದೆ. ಟೈಮ್ ಇಲ್ಲ, ಮುಗಿಸಿ ಅಂದ್ರು" ಅಂದರು. ಕಂಟ್ರಾಕ್ಟರ್ ಮಾತಾಡಲಿಲ್ಲ. ನನಗೂ ಒಳಗೆ ಚುಚ್ಚಿತು. ಆ ವಾರ "ಯಾವಾಗ ಮುಗಿಯುತ್ತೆ, ಯಾವಾಗ ಮುಗಿಯುತ್ತೆ" ಅಂತ ದಿನಾ ಫೋನ್ ಮಾಡಿದವನು ನಾನೇ. ಬೇಸ್ ಮಟ್ಟ ಮಾಡಿ ಅದು ಒಣಗಲು ಬೇಕಿದ್ದ ದಿನಗಳನ್ನು ನಾವೆಲ್ಲ ಸೇರಿ ನುಂಗಿದ್ದೆವು.

ಒಂದು ಟೈಲ್ ಬಿಚ್ಚಿ ನೋಡೋಣ, ಆಮೇಲೆ ಮಾತಾಡೋಣ ಅಂತ ಒಪ್ಪಂದವಾಯಿತು. ನಂಬರ್ 52, ಎಲ್ಲಕ್ಕಿಂತ ಜಾಸ್ತಿ ಸದ್ದು ಮಾಡುತ್ತಿದ್ದದ್ದು. ಮೊದಲು ಅದರ ಸುತ್ತಲಿನ ಗ್ರೌಟನ್ನು ಪೂರ್ತಿ ಕೊಯ್ದು ತೆಗೆದರು. ಇದನ್ನು ಮಾಡದೆ ಮೀಟಿದರೆ ಪಕ್ಕದ ಟೈಲ್‌ನ ಅಂಚು ಹಾರಿಹೋಗುತ್ತದೆ. ಗಟ್ಟಿಯಾಗಿ ಕೂತ ಟೈಲಾದರೆ ನಡುವೆ ತೂತು ಕೊರೆದು, ಒಳಗಿಂದ ಹೊರಕ್ಕೆ ಒಡೆದುಕೊಂಡು ಬರಬೇಕು. ಇಲ್ಲಿ ಅದು ಬೇಕಾಗಲೇ ಇಲ್ಲ. ಗಾಜು ಎತ್ತುವ ರಬ್ಬರ್ ಹಿಡಿಕೆ ಅಂಟಿಸಿ ಎಳೆದರೆ ಇಡೀ ಟೈಲ್ ಪಾತ್ರೆಯ ಮುಚ್ಚಳದ ಹಾಗೆ ಎದ್ದು ಬಂತು.

ತಿರುಗಿಸಿ ಗೋಡೆಗೆ ಒರಗಿಸಿದರು. ಅದರ ಬೆನ್ನು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಐದು ದುಂಡನೆ ಕಲೆ, ಮೂಲೆಗೊಂದು, ನಡುವೆ ಒಂದು, ಪ್ರತಿಯೊಂದೂ ಅಂಗೈ ಅಗಲ. ಉಳಿದ ಜಾಗವೆಲ್ಲ ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ಬಾಣದ ಗುರುತು ಕೂಡ ಅಳಿಸಿರಲಿಲ್ಲ. ಆ ಕಲೆಗಳ ಮೇಲೂ ಅಂಟು ಕಚ್ಚಿರಲಿಲ್ಲ. ಬೆರಳಾಡಿಸಿದರೆ ಬಿಳಿ ಪುಡಿ ಹತ್ತಿತು. ಟೈಲ್ ಸುಡುವಾಗ ಕುಲುಮೆಯ ರೋಲರ್‌ಗಳಿಗೆ ಅಂಟದಿರಲಿ ಅಂತ ಬೆನ್ನಿಗೆ ಹಚ್ಚಿರುವ ಪುಡಿ ಅದು. ಒದ್ದೆ ಸ್ಪಂಜಿನಿಂದ ಒರೆಸದಿದ್ದರೆ ಅಂಟು ಟೈಲನ್ನು ಹಿಡಿಯುವ ಬದಲು ಆ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಕೆಳಗೆ ನೆಲದ ಮೇಲೆ ಐದು ಮುದ್ದೆಗಳು ಒಣಗಿ ಕಲ್ಲಾಗಿ ಕೂತಿದ್ದವು. ಅವುಗಳ ನಡುವೆ ಬೆರಳು ತೂರುವಷ್ಟು ಖಾಲಿ ಜಾಗ.

ಮೇಸ್ತ್ರಿಯೇ ಬಿಡಿಸಿ ಹೇಳಿದರು. ನೆಲ ತಗ್ಗಿದ್ದ ಕಡೆ ಎತ್ತರ ಹೊಂದಿಸಲು ಅಂಟನ್ನು ಮುದ್ದೆಯಾಗಿ ಇಟ್ಟು ಟೈಲ್ ಒತ್ತಿದ್ದಾರೆ. ಟೈಲ್ ಅಂಟು ತೆಳುವಾಗಿ, ಸಮನಾಗಿ ಹಚ್ಚೋಕೆ ಇರುವುದು. ಮುದ್ದೆ ಹಾಕಿದರೆ ಒಣಗುವಾಗ ಕುಗ್ಗುತ್ತದೆ. ಹಳೇ ಕಾಲದ ಸೆರಾಮಿಕ್ ಟೈಲ್ ಆದರೆ ನೀರು ಹೀರುತ್ತದೆ, ಸಿಮೆಂಟ್ ಹಾಲು ಒಳಗಿಳಿದು ಹಿಡಿದುಕೊಳ್ಳುತ್ತದೆ. ನಮ್ಮದು ವಿಟ್ರಿಫೈಡ್ ಟೈಲ್, ಅದು ನೀರು ಹೀರುವುದು 0.5 ಪರ್ಸೆಂಟಿಗಿಂತ ಕಡಿಮೆ. ಅದರ ಬೆನ್ನು ಗಾಜಿದ್ದ ಹಾಗೆ. ಪೂರ್ತಿ ಅಂಟು ತಾಗಿದರೆ ಮಾತ್ರ ಹಿಡಿತ. ಆಮೇಲೆ ನಾನೂ ಓದಿ ನೋಡಿದೆ. ಅಮೆರಿಕದ ಎಎನ್‌ಎಸ್‌ಐ ಮಾನದಂಡದಲ್ಲಿ ಒಣ ಜಾಗದಲ್ಲಿ ಟೈಲ್‌ನ ಬೆನ್ನಿನ ಕನಿಷ್ಠ 80 ಪರ್ಸೆಂಟಿಗೆ, ನೀರು ಬೀಳುವ ಜಾಗದಲ್ಲಿ 95 ಪರ್ಸೆಂಟಿಗೆ ಅಂಟು ತಾಗಿರಬೇಕು ಅಂತಿದೆ. ನಮ್ಮ 52ನೇ ಟೈಲ್‌ಗೆ ಕಾಲು ಭಾಗವೂ ತಾಗಿರಲಿಲ್ಲ.

ಇನ್ನೊಂದು ತಪ್ಪು ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್ ಬಿಚ್ಚಿದಾಗ ಕಂಡಿತು. ಟೈಲ್‌ಗಳನ್ನು ಗೋಡೆಗೆ ತಾಗಿಸಿಯೇ ಕೂರಿಸಿದ್ದರು, ಒಂದು ಎಳೆಯಷ್ಟೂ ಜಾಗ ಇರಲಿಲ್ಲ. ಆ ಗಾಜಿನ ಬಾಗಿಲಿಂದ ಮಧ್ಯಾಹ್ನವೆಲ್ಲ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಬಿಸಿಯಾದ ಟೈಲ್ ಚೂರು ಹಿಗ್ಗುತ್ತದೆ. ಹಿಗ್ಗೋಕೆ ಜಾಗ ಇಲ್ಲದಿದ್ದರೆ ಒಂದಕ್ಕೊಂದು ಒತ್ತಿ, ಹಿಡಿತ ಇಲ್ಲದ ಕಡೆ ಮೇಲಕ್ಕೇಳುತ್ತವೆ. ಕೆಲವು ಮನೆಗಳಲ್ಲಿ ನಡುರಾತ್ರಿ ಢಂ ಅಂತ ಸದ್ದಾಗಿ ಎರಡು ಟೈಲ್ ಗುಡಾರದ ಹಾಗೆ ಎದ್ದು ನಿಲ್ಲುವುದು ಹೆಚ್ಚಾಗಿ ಇದರಿಂದಲೇ. ನಾವು ಅಲ್ಲಿಯವರೆಗೆ ಹೋಗಿರಲಿಲ್ಲ, ಆದರೆ ಆ ದಾರಿಯಲ್ಲೇ ಇದ್ದೆವು. ಒಳಾಂಗಣದ ನೆಲಕ್ಕೂ ಹೆಚ್ಚೆಂದರೆ 25 ಅಡಿಗೊಮ್ಮೆ, ನೇರ ಬಿಸಿಲು ಬೀಳುವ ಕಡೆ ಹೆಚ್ಚೆಂದರೆ 12 ಅಡಿಗೊಮ್ಮೆ ಗ್ರೌಟ್ ಬದಲು ಮೆತ್ತನೆ ಸೀಲೆಂಟ್ ತುಂಬಿದ ಸಂದು ಬಿಡಬೇಕು ಅಂತ ಟೈಲ್ ಕೆಲಸದ ಕೈಪಿಡಿಗಳು ಹೇಳುತ್ತವೆ. ನಮ್ಮ ನೆಲದಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಬಿಚ್ಚಿದ ಟೈಲ್ ಎಲ್ಲರ ಕಣ್ಣ ಮುಂದೆ ಇದ್ದಿದ್ದರಿಂದ ವಾದ ಅಲ್ಲಿಗೇ ಮುಗಿಯಿತು. 11 ಟೈಲ್ ತೆಗೆದು ಹೊಸದಾಗಿ ಹಾಕುವುದು, ಉಳಿದ 6ಕ್ಕೆ ಎಪಾಕ್ಸಿ (ಕಲಸಿದ ಮೇಲೆ ಗಟ್ಟಿಯಾಗುವ ರಾಳದ ಅಂಟು) ಇಂಜೆಕ್ಷನ್ ಅಂತ ಕಂಟ್ರಾಕ್ಟರ್ ಒಪ್ಪಿದರು. ಕೆಲಸ ಅವರದೇ ಖರ್ಚು. ನಾನು ಎಲ್ಲವನ್ನೂ ಬರೆದು ಇಬ್ಬರ ಸಹಿ ಹಾಕಿಸಿದೆ.

ಆಮೇಲೆ ಟೈಲ್ ಲೆಕ್ಕ. ನನ್ನ ಹತ್ತಿರ ಉಳಿದಿದ್ದದ್ದು 8. ಬೇಕಾಗಿದ್ದದ್ದು 11. ಅಂಗಡಿಯಲ್ಲಿ ಅದೇ ಹೆಸರಿನ, ಅದೇ ನಂಬರಿನ ಟೈಲ್ ಇತ್ತು. ಒಂದು ತಂದು ನೆಲದ ಮೇಲೆ ಇಟ್ಟು ನೋಡಿದರೆ ಬಣ್ಣ ಒಂದು ಛಾಯೆ ಹಳದಿ, ಅಳತೆಯಲ್ಲೂ ಕೂದಲೆಳೆ ವ್ಯತ್ಯಾಸ. ಡಬ್ಬದ ಮೇಲೆ ಬ್ಯಾಚ್, ಶೇಡ್, ಕ್ಯಾಲಿಬರ್ (ನಿಖರ ಅಳತೆಯ ಗುರುತು) ಅಂತ ಬರೆದಿರುತ್ತಾರಲ್ಲ, ಅದಕ್ಕೆ ಎಷ್ಟು ಬೆಲೆ ಇದೆ ಅಂತ ಆಗ ತಿಳಿಯಿತು. ಪ್ರತಿ ಸಲ ಸುಟ್ಟಾಗ ಬಣ್ಣವೂ ಅಳತೆಯೂ ಸ್ವಲ್ಪ ಬದಲಾಗುತ್ತವೆ. ಪರಿಹಾರ ಮೇಸ್ತ್ರಿಯೇ ಹೇಳಿದರು. ಹಿಡಿತ ಇಲ್ಲದ ಟೈಲ್ ಒಡೆಯದೆ ಏಳುತ್ತದೆ, ಅವನ್ನೇ ಉಜ್ಜಿ ತೊಳೆದು ಮತ್ತೆ ಹಾಕೋಣ ಅಂದರು. ಹಾಗೇ ಆಯಿತು. 11ರಲ್ಲಿ 7 ಇಡಿಯಾಗಿ ಎದ್ದವು. ಅದರಲ್ಲಿ ಅಂಚು ಚೆನ್ನಾಗಿದ್ದ 5 ಆರಿಸಿಕೊಂಡೆವು. ಎರಡು ಟೈಲ್ ನನ್ನ ಹತ್ತಿರವೇ ಉಳಿದವು.

ಕೆಲಸ ಶುರುವಾದ ದಿನ ಹಾಲ್‌ಗೆ ಪ್ಲಾಸ್ಟಿಕ್ ಶೀಟ್ ಕಟ್ಟಿ ಉಳಿದ ಮನೆಯಿಂದ ಬೇರೆ ಮಾಡಿದೆವು. ಟೈಲ್ ಮತ್ತು ಸಿಮೆಂಟ್ ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ನಿಜಕ್ಕೂ ಕೆಟ್ಟದ್ದು. ಕೆಲಸದವರಿಗೆ ಎನ್95 ಮಾಸ್ಕ್ ತಂದುಕೊಟ್ಟೆ. ಆದಷ್ಟೂ ನೀರು ಹಾಕಿಕೊಂಡೇ ಕೊಯ್ಯಿರಿ ಅಂತ ಕೇಳಿಕೊಂಡೆ. ಅಮ್ಮನನ್ನು ಅಕ್ಕನ ಮನೆಗೆ ಕಳಿಸಿದೆವು.

ಒಣಗಿದ ಮುದ್ದೆಗಳನ್ನು ಕೆತ್ತಿ ತೆಗೆದು, ಧೂಳು ಗುಡಿಸಿ, ತಗ್ಗನ್ನು ಮಟ್ಟ ಮಾಡುವ ಕಾಂಪೌಂಡ್ ಹಾಕಿದರು. ಎರಡು ಮೀಟರಿನ ಪಟ್ಟಿ ಇಟ್ಟು ನೋಡಿದರೆ ಅದರ ಕೆಳಗೆ ಬೆಳಕು ತೂರಬಾರದು, ಅದು ಮೇಸ್ತ್ರಿಯ ಲೆಕ್ಕ. ಒಣಗಲು ಎಷ್ಟು ದಿನ ಬೇಕು ಅಂತ ಚೀಲದ ಮೇಲೆ ಬರೆದಿತ್ತೋ ಅಷ್ಟು ದಿನ ಕಾದೆವು. ಈ ಸಲ ನಾನು ಫೋನ್ ಮಾಡಲಿಲ್ಲ.

ಟೈಲ್ ಕೂರಿಸುವುದನ್ನು ಹತ್ತಿರ ಕೂತು ನೋಡಿದೆ. ಮೊದಲು ಬೆನ್ನನ್ನು ಒದ್ದೆ ಸ್ಪಂಜಿನಿಂದ ಒರೆಸಿ ಬಿಳಿ ಪುಡಿ ತೆಗೆದರು. ಆಮೇಲೆ ಬೆನ್ನಿಗೆ ತೆಳುವಾಗಿ ಅಂಟು ಸವರಿದರು, ಒಂದು ಪದರ ಅಷ್ಟೇ. ನೆಲದ ಮೇಲೆ ಅಂಟು ಹರಡಿ ಹಲ್ಲಿನ ಕರಣೆಯಿಂದ ಬಾಚಿದರು. ಹಲ್ಲಿನ ಗೆರೆಗಳು ನೇರವಾಗಿ, ಒಂದೇ ದಿಕ್ಕಿಗೆ ಇರಬೇಕು. ಸುತ್ತಿ ಸುತ್ತಿ ಬಾಚಿದರೆ ಒಳಗಿನ ಗಾಳಿಗೆ ಹೊರಹೋಗಲು ದಾರಿ ಸಿಗಲ್ಲ. ಟೈಲ್ ಇಟ್ಟು, ಗೆರೆಗೆ ಅಡ್ಡವಾಗಿ ಹಿಂದೆ ಮುಂದೆ ಒತ್ತಿ ಸರಿಸಿದರು. ಗೆರೆಗಳು ಮಲಗಿ ಒಂದಕ್ಕೊಂದು ಸೇರಿಕೊಂಡವು. ಮೊದಲ ಟೈಲ್ ಕೂರಿಸಿದ ಮೇಲೆ ಮೇಸ್ತ್ರಿ ಅದನ್ನು ಮತ್ತೆ ಎತ್ತಿ, ತಿರುಗಿಸಿ ತೋರಿಸಿದರು. ಬೆನ್ನಿಡೀ ಬೂದು ಬಣ್ಣ, ಮೂಲೆ ಮೂಲೆಗೂ. "ಈಗ ನೋಡಿ ಸಾರ್" ಅಂದರು. ಆ ಮುಖದಲ್ಲಿ ಇದ್ದ ಸಮಾಧಾನ ನೋಡಿ, ಸಮಯ ಕೊಟ್ಟಿದ್ದರೆ ಈ ಮನುಷ್ಯ ಮೊದಲೇ ಹೀಗೆ ಮಾಡುತ್ತಿದ್ದರು ಅನ್ನಿಸಿತು.

ಟೈಲ್‌ಗಳ ನಡುವೆ 2 ಮಿಲಿಮೀಟರ್ ಸ್ಪೇಸರ್, ಅಂಚುಗಳು ಸಮ ಬರಲು ಲೆವೆಲಿಂಗ್ ಕ್ಲಿಪ್. ಗೋಡೆಯ ಪಕ್ಕ 6 ಮಿಲಿಮೀಟರ್ ಜಾಗ ಬಿಟ್ಟರು, ಅದು ಸ್ಕರ್ಟಿಂಗ್ ಅಡಿ ಮುಚ್ಚಿಹೋಗುತ್ತದೆ. ಬಾಲ್ಕನಿ ಬಾಗಿಲ ಗೆರೆಯಲ್ಲಿ ಗ್ರೌಟ್ ಬದಲು ಅದೇ ಬಣ್ಣದ ಸಿಲಿಕೋನ್ ತುಂಬಿದರು. ಉಳಿದ ಆರು ಟೈಲ್‌ಗೆ ಸಂದಿನಲ್ಲಿ ಸಣ್ಣ ತೂತು ಕೊರೆದು ನೀರಿನಷ್ಟು ತೆಳುವಾದ ಎಪಾಕ್ಸಿ ಇಳಿಸಿ, ಮೇಲೆ ಭಾರ ಇಟ್ಟರು. ಐದು ಟೈಲ್‌ನ ಸದ್ದು ಗಟ್ಟಿಯಾಯಿತು. ಒಂದರಲ್ಲಿ ಏನೂ ಬದಲಾಗಲಿಲ್ಲ.

ಗ್ರೌಟ್ ವಿಚಾರಕ್ಕೆ ಬಂದರೆ ಇಲ್ಲಿ ನನ್ನದೇ ಒಂದು ತಪ್ಪು ಇದೆ. ಮನೆಗೆ ಬಂದ ಹೊಸದರಲ್ಲಿ ಟೈಲ್ ಮೇಲೆ ಬಿಳಿ ಮಂಜಿನಂಥ ಪದರ ಇತ್ತು. ಎಷ್ಟು ಒರೆಸಿದರೂ ಒಣಗಿದ ಮೇಲೆ ಮತ್ತೆ ಕಾಣುತ್ತಿತ್ತು. ನಾನು ಟಾಯ್ಲೆಟ್ ತೊಳೆಯುವ ಆಸಿಡ್ ನೀರಿಗೆ ಬೆರೆಸಿ ಒರೆಸಿದೆ. ಮಂಜು ಹೋಯಿತು. ಜೊತೆಗೆ ಸಂದುಗಳ ಮೇಲ್ಮೈಯೂ ಹೋಯಿತು. ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ಹಾಲ್‌ನ ಗ್ರೌಟ್ ಸಿಮೆಂಟಿನದೇ. ಕೈಯಾಡಿಸಿದರೆ ಮರಳು ಕಾಗದದ ಹಾಗೆ ಒರಟು, ಕೊಳೆ ಬೇಗ ಹತ್ತುತ್ತಿತ್ತು. ಹಾಗಾಗಿ ಇಡೀ ಹಾಲ್‌ನ ಗ್ರೌಟ್ ತೆಗೆದು ಹೊಸದು ಹಾಕಿಸಿದೆವು. ಗುಂಪಿನಿಂದ ದೂರ ಇದ್ದ ಸಂದುಗಳ ಖರ್ಚನ್ನು ನಾನೇ ಕೊಟ್ಟೆ.

ಹಳೇ ಗ್ರೌಟ್ ಮೇಲೆ ಹೊಸದು ಸವರಿದರೆ ಸಿಪ್ಪೆಯ ಹಾಗೆ ಎದ್ದುಬರುತ್ತದೆ. ಸಂದಿನ ಆಳದ ಮೂರರಲ್ಲಿ ಎರಡು ಭಾಗವಾದರೂ ತೆಗೆಯಬೇಕು. ಇದು ಬೆನ್ನು ಮುರಿಯುವ ಕೆಲಸ, ಇಬ್ಬರಿಗೆ ಎರಡು ದಿನ ಹಿಡಿಯಿತು. ಹೊಸ ಗ್ರೌಟ್ ಕಲಸುವಾಗ ನೀರು ಅಳೆದು ಹಾಕಿ ಅಂತ ನಾನು ಪಟ್ಟು ಹಿಡಿದೆ. ನೀರು ಜಾಸ್ತಿಯಾದರೆ ತುಂಬೋಕೆ ಸುಲಭ, ಆದರೆ ಒಣಗಿದ ಮೇಲೆ ಪುಡಿ ಪುಡಿ, ಬಣ್ಣವೂ ಅಲ್ಲಲ್ಲಿ ಬೇರೆ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಿದರು. ರಬ್ಬರ್ ಫ್ಲೋಟಿನಲ್ಲಿ ಸಂದಿಗೆ ಓರೆಯಾಗಿ ಎಳೆದು ತುಂಬಿದರು. ಒರೆಸುವ ಸ್ಪಂಜು ಚೆನ್ನಾಗಿ ಹಿಂಡಿರಬೇಕು, ನೀರು ತೊಟ್ಟಿಕ್ಕಿದರೆ ಬಣ್ಣ ತೊಳೆದುಹೋಗುತ್ತದೆ. ಪದರ ಕಟ್ಟುವ ಮುಂಚೆ ಅದೇ ದಿನ ಒಣ ಬಟ್ಟೆಯಲ್ಲಿ ಉಜ್ಜಿ ತೆಗೆದರು. ಮೊದಲ ಸಲ ಬಿಟ್ಟುಹೋಗಿದ್ದದ್ದು ಈ ಹತ್ತು ನಿಮಿಷದ ಕೆಲಸ.

ಬಾತ್‌ರೂಮಿನದು ಬೇರೆಯೇ ಕಥೆ. ಸ್ನಾನ ಆದ ಮೇಲೆ ನೀರು ಜಾಲಿ ಕಡೆಗೆ ಹೋಗದೆ ಬಾಗಿಲ ಹತ್ತಿರ ನಿಲ್ಲುತ್ತಿತ್ತು. ವೈಪರ್ ಹಿಡಿದು ತಳ್ಳುವುದೇ ದಿನದ ಕೆಲಸ. ಹಾಲ್‌ನಲ್ಲಿ ಕಲಿತದ್ದನ್ನೇ ಇಲ್ಲೂ ಮಾಡಿದೆ. ಒಂದು ಬಕೆಟ್ ನೀರು ಸುರಿದು ಒಂದು ಗಂಟೆ ಬಿಟ್ಟು, ನಿಂತ ನೀರಿನ ಅಂಚಿನ ಗುಂಟ ಸೀಮೆಸುಣ್ಣದ ಗೆರೆ ಎಳೆದು ಫೋಟೋ ತೆಗೆದೆ. ರಸಮಟ್ಟ ಇಟ್ಟು ನೋಡಿದರೆ ಆ ಮೂಲೆಯಲ್ಲಿ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಉಲ್ಟಾ ಇತ್ತು. ಒಂದು ಅಡಿಗೆ ಕಾಲು ಇಂಚು, ಅಂದರೆ ಮೀಟರಿಗೆ ಸುಮಾರು ಎರಡು ಸೆಂಟಿಮೀಟರ್ ಇಳಿಜಾರು ಜಾಲಿಯ ಕಡೆಗೆ ಇರಬೇಕು.

ತಗ್ಗಿನ ಮೇಲೆ ನಾಲ್ಕು ಟೈಲ್ ಬದಲಿಸಿದರೆ ಸಾಕು ಅಂದರು ಕಂಟ್ರಾಕ್ಟರ್. ಇದಕ್ಕೆ ನಾನು ಒಪ್ಪಲಿಲ್ಲ. ಹೊಡೆದು ತೆಗೆಯುವಾಗ ಕೆಳಗಿನ ವಾಟರ್‌ಪ್ರೂಫಿಂಗ್ ಪದರ ಹರಿಯುತ್ತದೆ, ಅದು ಹರಿದದ್ದು ಆ ದಿನ ಗೊತ್ತಾಗಲ್ಲ. ಕೆಳಗಿನ ಕೋಣೆಯ ಸೀಲಿಂಗ್ ಒದ್ದೆಯಾದಾಗ ಗೊತ್ತಾಗುತ್ತದೆ. ಇಡೀ ಬಾತ್‌ರೂಮ್ ನೆಲ ತೆಗೆಸಿದೆವು. ಮತ್ತೆ ವಾಟ ಮಾಡಿ, ಮೂಲೆಗಳಿಗೆ ಬಲೆ ಬಟ್ಟೆ ಒತ್ತಿ, ಗೋಡೆಯ ಮೇಲಕ್ಕೂ ಏರಿಸಿ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹಚ್ಚಿದರು. ಒಣಗಿದ ಮೇಲೆ ಜಾಲಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಟ್ಟೆವು. ನೀರು ಆವಿಯಾಗಿ ಇಳಿಯಿತೋ ಸೋರಿ ಇಳಿಯಿತೋ ಅನ್ನೋ ಗೊಂದಲ ಬೇಡ ಅಂತ, ಅಷ್ಟೇ ನೀರು ತುಂಬಿದ ಅಗಲವಾದ ಟಬ್ ಒಂದನ್ನು ಪಕ್ಕದಲ್ಲೇ ಇಟ್ಟಿದ್ದೆ. ಎರಡೂ ಸಮನಾಗಿ ಇಳಿದಿದ್ದವು. ಕೆಳಗೆ ಹೋಗಿ ಸೀಲಿಂಗಿಗೆ ಅಂಗೈ ಒತ್ತಿ ನೋಡಿದೆ. ಒಣಗಿತ್ತು. ಆಮೇಲೆಯೇ ಟೈಲ್ ಹಾಕಲು ಹೇಳಿದ್ದು.

ಇಲ್ಲಿ ಎಪಾಕ್ಸಿ ಗ್ರೌಟ್ ಹಾಕಿಸಿದೆ. ಅದು ನೀರು ಕುಡಿಯಲ್ಲ, ಕಲೆ ಹಿಡಿಯಲ್ಲ. ಆದರೆ ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ ಆಗಿಂದಾಗಲೇ ಒರೆಸಬೇಕು. ಒಣಗಿ ಅಂಟಿತೆಂದರೆ ಬಿಡಿಸುವುದು ಬಹಳ ಕಷ್ಟ. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಗ್ರೌಟ್ ಬೇಡ ಅಂದೆ. ಅಲ್ಲಿ ಎರಡು ಬೇರೆ ಭಾಗಗಳು ಬೇರೆ ಬೇರೆ ಥರ ಅಲುಗುತ್ತವೆ, ಗಟ್ಟಿ ಗ್ರೌಟ್ ಬಿರುಕು ಬಿಡದೇ ಇರಲ್ಲ. ಸಿಲಿಕೋನ್ ಹಾಕಿದರು.

ಮಲಗುವ ಕೋಣೆಯ ಲ್ಯಾಮಿನೇಟ್ (ಮರದಂತೆ ಕಾಣುವ ಹಲಗೆ) ನೆಲ ನಡುವೆ ಉಬ್ಬಿದ್ದಕ್ಕೆ ಮಾತ್ರ ಕೆಲಸ ಅರ್ಧ ದಿನದ್ದು. ಅಲ್ಲೂ ಹಲಗೆಗಳು ಗೋಡೆಗೆ ಒತ್ತಿಕೊಂಡಿದ್ದವು. ಸ್ಕರ್ಟಿಂಗ್ ತೆಗೆದು ಅಂಚಿನಲ್ಲಿ 10 ಮಿಲಿಮೀಟರ್ ಕೊಯ್ದರು. ಕಾಂಕ್ರೀಟಿನಲ್ಲಿ ತೇವ ಇದೆಯಾ ಅಂತ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಮರುದಿನ ಎತ್ತಿ ನೋಡಿದೆವು. ಹನಿ ಕಟ್ಟಿರಲಿಲ್ಲ, ನೆಲದ ಬಣ್ಣವೂ ಕಪ್ಪಾಗಿರಲಿಲ್ಲ. ಉಬ್ಬು ನಾಲ್ಕೈದು ದಿನದಲ್ಲಿ ತಾನಾಗಿ ಇಳಿಯಿತು.

ಕೆಲವನ್ನು ಹಾಗೇ ಬಿಟ್ಟೆ. ಹಜಾರದಲ್ಲಿ ಒಂದು ಟೈಲ್‌ನ ಮೂಲೆ ಪಕ್ಕದ್ದಕ್ಕಿಂತ ಒಂದು ಮಿಲಿಮೀಟರ್ ಎತ್ತರ ಇದೆ. ಬರಿಗಾಲಿಗೆ ಗೊತ್ತಾಗುತ್ತದೆ. ಆದರೆ ಅದು ಗಟ್ಟಿಯಾಗಿ ಕೂತಿದೆ, ಸಂದೂ ಚೆನ್ನಾಗಿದೆ. ಉದ್ದನೆಯ ಟೈಲ್‌ಗಳು ಸುಟ್ಟಾಗ ನಡುವೆ ಒಂದಿಷ್ಟು ಬಾಗುವುದು ಸಹಜ. ಅದಕ್ಕಾಗಿ ಒಳ್ಳೆಯ ಟೈಲ್ ಒಡೆಯಲು ಮನಸ್ಸು ಬರಲಿಲ್ಲ.

ಎಲ್ಲ ಮುಗಿಯಲು ಐದು ವಾರ ಬೇಕಾಯಿತು. ಕೊನೆಯ ದಿನ ಕಂಟ್ರಾಕ್ಟರ್ ಜೊತೆ ಮಂಡಿಯೂರಿ 60 ಟೈಲನ್ನೂ ಮತ್ತೆ ತಟ್ಟಿದೆವು, ಅವರೊಂದು ಕಡೆಯಿಂದ, ನಾನೊಂದು ಕಡೆಯಿಂದ. ಆಮೇಲೆ ಕೊನೆಯ ಕಂತು ಕೊಟ್ಟೆ. ಮೇಸ್ತ್ರಿಗೆ ಕೈ ಮುಗಿದೆ.

ಹೊಸ ನಕ್ಷೆ ಅಲಮಾರಿಯ ಬಾಗಿಲ ಒಳಗೆ ಅಂಟಿಸಿದ್ದೇನೆ. ಉಳಿದ ಎರಡು ಟೈಲ್, ಅರ್ಧ ಪ್ಯಾಕೆಟ್ ಗ್ರೌಟ್, ಬ್ಯಾಚ್ ನಂಬರ್ ಇರುವ ಡಬ್ಬದ ತುಂಡು ಮೆಟ್ಟಿಲ ಕೆಳಗಿವೆ. ನಕ್ಷೆಯಲ್ಲಿ ಈಗ ಒಂದೇ ಒಂದು ಕೆಂಪು ಗುರುತು ಇದೆ, ಎಪಾಕ್ಸಿ ಇಳಿಸಿದರೂ ಬದಲಾಗದ ನಂಬರ್ 23, ಸೋಫಾ ಪಕ್ಕದ್ದು. ಮೂರು ತಿಂಗಳಿಗೊಮ್ಮೆ ಅದರ ಸಂದನ್ನು ಟಾರ್ಚ್ ಹಾಕಿ ನೋಡುತ್ತೇನೆ. ಇಲ್ಲಿಯವರೆಗೆ ಬಿರುಕಿಲ್ಲ. ಅಮ್ಮ ಆ ಕಡೆ ಹೋದಾಗಲೆಲ್ಲ ಕೋಲಿನಿಂದ ಒಂದು ಸಲ ಕುಟ್ಟಿ, "ಹಾಗೇ ಇದೆ ನೋಡು" ಅನ್ನುತ್ತಾರೆ.